ಅನ್ನದ ಕಲ್ಲುಗಳು
(ಶ್ರೀಮಠದ ಸುವರ್ಣ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಮಠದ ಮಹೋತ್ಸವದಲ್ಲಿ ಮಾತನಾಡುವವನು ಷಟ್‌ಸ್ಥಲವನ್ನೋ ಅಷ್ಟಾವರಣವನ್ನೋ ಕುರಿತು ಹೇಳುವುದು ವಾಡಿಕೆ. ಅವುಗಳನ್ನು ಬಿಡಿಸಿ ಹೇಳಬಲ್ಲ ವಿದ್ವಾಂಸರು ಈ ವೇದಿಕೆಯ ಮೇಲೆಯೇ ಆಸೀನರಾಗಿರುವರು. ಘಟ್ಟದ ಕೆಳಗಿನ ಸೀಮೆಯಿಂದ ಬಂದ ನನಗೆ "ನಿಮ್ಮ ಕಡೆಯ ವಿಷಯವನ್ನೇ ಹೇಳಿರಿ" ಎಂದು ಶ್ರೀಗಳವರ ಅಪ್ಪಣೆಯಾಗಿರುವುದು. ಆದುದರಿಂದ ಪುತ್ತೂರು, ಸುಳ್ಯ, ಕಡಬ ಎಂಬ ಮೂರು ತಾಲ್ಲೂಕುಗಳ ನಾಡಿನಲ್ಲಿ ಧಾನ್ಯವು ಅನ್ನವಾಗಿ, ಹಿಟ್ಟಾಗಿ, ರೊಟ್ಟಿಯಾಗಿ ಬಂದ ದಾರಿಯನ್ನು ಹೇಳಿ, ಆ ದಾರಿಯನ್ನು ಮುಂದಿನವರಿಗೆ ತೋರಿಸತಕ್ಕ ಒಂದು ವಸ್ತುಸಂಗ್ರಹಾಲಯವು ಅಲ್ಲಿಗೆ ಏಕೆ ಬೇಕು, ಅದು ಎಂತಹುದಾಗಿರಬೇಕು ಎಂಬುದನ್ನು ನಿಮ್ಮ ಮುಂದೆ ಅರಿಕೆ ಮಾಡುವೆನು.

ಈ ವಿಷಯವು ಮಠಕ್ಕೆ ಹೊರಗಿನದೆಂದು ಯಾರೂ ಭಾವಿಸಬಾರದು. ದಾಸೋಹದ ಪಂಕ್ತಿಯಲ್ಲಿ ಕುಳಿತವನಿಗೆ ಎಲೆಯ ಮೇಲಿನ ಪ್ರಸಾದ ಕಾಣುವುದು. ಬಡಿಸಿದ ಕೈಯೂ ಕಾಣುವುದು. ಕುಟ್ಟಿದ ಕೈ, ಬೀಸಿದ ಕೈ, ಕೇರಿದ ಕೈ ಕಾಣುವುದಿಲ್ಲ. ಕಾಣದ ಆ ಕೈಯನ್ನು ಕಂಡವರು ಹನ್ನೆರಡನೆಯ ಶತಮಾನದ ಶರಣರು. ಭತ್ತವನ್ನು ಕುಟ್ಟುವುದೇ ಕಾಯಕವಾಗಿದ್ದ ಕೊಟ್ಟಣದ ಸೋಮಮ್ಮನು ಶರಣೆಯರ ಸಾಲಿನಲ್ಲಿ ಸೇರಿದವಳು. ಆಕೆಯ ವಚನವು ಇಂದಿಗೂ ಉಳಿದಿರುವುದು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದ ಮಾರಯ್ಯನ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಒಂದು ದಿನ ಆತನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದ ಲಕ್ಕಮ್ಮನನ್ನೂ ಬಲ್ಲಿರಿ. ಕುಟ್ಟುವವಳಿಗೆ ಮಾತು, ಅಳೆಯುವವಳಿಗೆ ಅಧಿಕಾರ, ಇವೆರಡನ್ನೂ ಕೊಟ್ಟ ಪರಂಪರೆಯ ಮುಂದೆ ಒರಳು, ಒನಕೆ, ಬೀಸುಕಲ್ಲುಗಳ ಮಾತನ್ನು ಆಡಲು ಸಂಕೋಚವೇಕೆ?

ಮೊದಲು ಕಲ್ಲಿನ ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ನೋಡೋಣ. ಬಳ್ಳಾರಿಯ ಹತ್ತಿರದ ಸಂಗನಕಲ್ಲು ಗುಡ್ಡಗಳಲ್ಲಿ ಸುಮಾರು ೪೦೦೦ ವರ್ಷಗಳ ಹಿಂದೆ ನವಶಿಲಾಯುಗದ ಜನರು ವಾಸವಾಗಿದ್ದರು. ಅವರು ಕೊರಲೆ, ಹುರುಳಿ, ಹೆಸರು ಮೊದಲಾದ ಧಾನ್ಯಗಳನ್ನು ಬಳಸುತ್ತಿದ್ದರೆಂಬುದು ಸುಟ್ಟು ಉಳಿದ ಕಾಳುಗಳಿಂದ ತಿಳಿದುಬಂದಿರುವುದು. ಅವರು ಧಾನ್ಯ ಅರೆದು ಅರೆದು ಬಳಸಿದ ತಗ್ಗುಕಲ್ಲುಗಳೂ ಅಲ್ಲಿ ದೊರೆತಿರುವುವು. ಹಿಂದಕ್ಕೂ ಮುಂದಕ್ಕೂ ತಿಕ್ಕುವ ಆ ಕಲ್ಲಿನಿಂದ ತಿರುಗುವ ಬೀಸುಕಲ್ಲಿಗೆ ಬರಲು ಮನುಷ್ಯನಿಗೆ ಬಹುಕಾಲ ಹಿಡಿಯಿತು. ಕೆಳಗಿನ ಕಲ್ಲು ಅಚಲ, ಮೇಲಿನ ಕಲ್ಲು ಚಲ; ನಡುವೆ ಒಂದು ಗೂಟ, ಮೇಲೆ ಒಂದು ಬಾಯಿ, ಪಕ್ಕದಲ್ಲಿ ಒಂದು ಹಿಡಿ. ಹಿಡಿಹಿಡಿಯಾಗಿ ಹಾಕಿದ ಕಾಳು ನಡುವಿನಿಂದ ಅಂಚಿಗೆ ಸರಿಯುತ್ತ ನುಗ್ಗಾಗಿ, ರವೆಯಾಗಿ, ಹಿಟ್ಟಾಗಿ ಉದುರುವುದು. ಕಲ್ಲಿನ ಮೈ ಸವೆದು ನುಣುಪಾದರೆ ಕಾಳು ಜಾರುವುದಲ್ಲದೆ ಹಿಟ್ಟಾಗದು. ಆಗ ಕಲ್ಲುಕುಟಿಗನನ್ನು ಕರೆಸಿ ಉಳಿಯಿಂದ ಕಚ್ಚು ಹಾಕಿಸಬೇಕು. ಉಪಕರಣವು ಸರಳ, ಅದರ ಹಿಂದಿನ ಅರಿವು ಸರಳವಲ್ಲ.

ಇನ್ನು ನಮ್ಮ ಸೀಮೆಗೆ ಬರೋಣ. ಬಯಲುಸೀಮೆಯವರಿಗೆ ಜೋಳ, ರಾಗಿಗಳನ್ನು ಬೀಸುವ ಒಣಕಲ್ಲು ಮುಖ್ಯ. ಆ ಹಿಟ್ಟಿನಿಂದ ಆಗುವುದು ತಟ್ಟಿದ ರೊಟ್ಟಿ ಅಥವಾ ತಿರುವಿದ ಮುದ್ದೆ. ಘಟ್ಟದ ಕೆಳಗೆ ಮಳೆಯೂ ಅಕ್ಕಿಯೂ ಆಳುವ ನಾಡಿನಲ್ಲಿ ಕಲ್ಲು ಮೂರು ಬಗೆಯಾಯಿತು. ಭತ್ತದ ಹೊಟ್ಟು ಬಿಡಿಸಲು ಒರಳು ಮತ್ತು ಒನಕೆ; ಹುರಿದ ಕಾಳನ್ನೂ ಒಣ ಅಕ್ಕಿಯನ್ನೂ ಹುಡಿಮಾಡಲು ಬೀಸುಕಲ್ಲು; ನೆನೆಯಿಸಿದ ಅಕ್ಕಿಯನ್ನು ನೀರಿನೊಡನೆ ನುಣ್ಣಗೆ ಮಾಡಲು ಕಡೆಯುವ ಕಲ್ಲು. ಈ ಮೂರನೆಯ ಕಲ್ಲೇ ನಮ್ಮ ಸೀಮೆಯ ಅಡಿಗೆಯ ಜೀವ. ನೀರುದೋಸೆ, ಮಣ್ಣಿನ ಓಡಿನ ಮೇಲೆ ಹೊಯ್ಯುವ ಓಡುದೋಸೆ, ಆವಿಯಲ್ಲಿ ಬೇಯುವ ಪುಂಡಿ, ಬಾಳೆಲೆಯಲ್ಲಿ ಮಡಿಸಿ ಬೇಯಿಸುವ ಕೊಟ್ಟಿಗೆ, ಮಣೆಯಲ್ಲಿ ಒತ್ತಿ ತೆಗೆಯುವ ಶ್ಯಾವಿಗೆ, ಬಾಳೆಲೆಯ ಮೇಲೆ ತಟ್ಟಿ ಕಾಯಿಸುವ ಅಕ್ಕಿರೊಟ್ಟಿ, ಇವೆಲ್ಲ ಆ ಕಲ್ಲಿನ ಸಂತಾನ. ಪಶ್ಚಿಮ ದೇಶಗಳವರು ರೊಟ್ಟಿಯ ಚರಿತ್ರೆಯೆಂದರೆ ಗೋಧಿ, ಹುದುಗು, ಒಲೆಗೂಡು ಎಂದು ಎಣಿಸುವರು. ನಮ್ಮ ರೊಟ್ಟಿಯ ಚರಿತ್ರೆಯನ್ನು ಬರೆಯುವವನು ಅಕ್ಕಿ, ನೀರು, ಎಲೆ, ಆವಿ ಎಂಬ ನಾಲ್ಕು ಮಾತುಗಳಿಂದ ಆರಂಭಿಸಬೇಕು.

ಕುಚ್ಚಲಕ್ಕಿಯ ವಿಚಾರವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳತಕ್ಕುದಿದೆ. ಭತ್ತವನ್ನು ದೊಡ್ಡ ಹಂಡೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಆಮೇಲೆ ಕುಟ್ಟಿ ಅಕ್ಕಿ ಮಾಡುವ ಕ್ರಮ ನಮ್ಮಲ್ಲಿ ಮನೆಮನೆಯಲ್ಲಿಯೂ ಇದ್ದಿತು. ಹೊರಗಿನಿಂದ ಬಂದವರಿಗೆ ಇದು ಒಂದು ಹೆಚ್ಚಿನ ಗೊಡವೆಯಾಗಿ ಕಂಡಿರಬಹುದು. ಆದರೆ ೧೮೯೦ರ ದಶಕದಲ್ಲಿ ಜಾವಾದ್ವೀಪದಲ್ಲಿದ್ದ ಡಚ್ಚರ ವೈದ್ಯ ಐಕ್ಮನ್ನನು ಒಂದು ಸಂಗತಿಯನ್ನು ಕಂಡನು. ಹೊಳಪು ಕೊಟ್ಟ ಬಿಳಿಯ ಅಕ್ಕಿಯನ್ನು ಮಾತ್ರ ತಿಂದ ಕೋಳಿಗಳು ಕಾಲು ಸೋತು ಬಿದ್ದುವು. ತೌಡು ಹೋಗದ ಅಕ್ಕಿಯನ್ನು ಕೊಟ್ಟಾಗ ಎದ್ದು ನಡೆದುವು. ಬೆರಿಬೆರಿ ಎಂಬ ರೋಗದ ಮೂಲವು ಹೀಗೆ ಗೊತ್ತಾಗುತ್ತ ಬಂದು, ೧೯೨೯ರಲ್ಲಿ ಆತನಿಗೆ ನೊಬೆಲ್ ಬಹುಮಾನದ ಗೌರವವು ಲಭಿಸಿತು. ಭತ್ತವನ್ನು ಬೇಯಿಸಿದಾಗ ತೌಡಿನಲ್ಲಿರುವ ಜೀವಸತ್ತ್ವದ ಒಂದಂಶವು ಕಾಳಿನ ಒಳಗೆ ಸೇರಿಕೊಳ್ಳುವುದು. ಆಮೇಲೆ ಕುಟ್ಟಿದರೂ ಗಿರಣಿಗೆ ಹಾಕಿದರೂ ಅದು ಪೂರ್ತಿಯಾಗಿ ನಷ್ಟವಾಗದು. ಕಾಳು ಗಟ್ಟಿಯಾಗುವುದರಿಂದ ನುಚ್ಚೂ ಕಡಮೆ. ಕಾರಣವನ್ನು ಹೇಳಲು ಅರಿಯದ ನಮ್ಮ ಅಜ್ಜಿಯಂದಿರು ಕಾರ್ಯವನ್ನು ತಪ್ಪದೆ ಮಾಡಿಕೊಂಡು ಬಂದರು. ಗ್ರಂಥದಲ್ಲಿ ಬರೆಯದೆ ಕೈಯಲ್ಲಿ ಉಳಿದು ಬಂದ ಇಂತಪ್ಪ ವಿದ್ಯೆಯು, ಆ ಕೈ ನಿಂತೊಡನೆ ನಿಲ್ಲುವುದು.

ಧಾನ್ಯದ ಕಥೆಯು ಅಡಿಗೆಮನೆಯಲ್ಲಿ ಮುಗಿಯುವುದಿಲ್ಲ. ಅದು ಚಾವಡಿಗೂ ಕಚೇರಿಗೂ ಹೋಗುವುದು. ನಮ್ಮಲ್ಲಿ ಅಕ್ಕಿಯನ್ನು ಬೈಹುಲ್ಲಿನಲ್ಲಿ ಕಟ್ಟಿ, ಹುಲ್ಲಿನ ಹಗ್ಗದಿಂದ ಬಿಗಿದು, ಬಡಿದು ಉರುಟುಮಾಡಿ ಮುಡಿಯಾಗಿಸುತ್ತಿದ್ದರು. ವಾಡಿಕೆಯ ಲೆಕ್ಕದಲ್ಲಿ ೧೪ ಸೇರಿಗೆ ಒಂದು ಕಳಸೆ, ೩ ಕಳಸೆಗೆ ಒಂದು ಮುಡಿ. ಚೆನ್ನಾಗಿ ಕಟ್ಟಿದ ಮುಡಿಯಲ್ಲಿ ಅಕ್ಕಿಯು ಮಳೆಗಾಲವನ್ನು ಕಳೆದು ಉಳಿಯುವುದು. ಗದ್ದೆಯ ವಿಸ್ತಾರವನ್ನು ಹೇಳುವುದೂ ಮುಡಿಯಿಂದಲೇ, ಒಡೆಯನಿಗೆ ಒಕ್ಕಲು ಅಳೆಯುವ ಗೇಣಿಯೂ ಮುಡಿಯಿಂದಲೇ. ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ಶಾಸನದಿಂದ ಗೇಣಿಯ ಪದ್ಧತಿ ಮುಗಿಯಿತು. ಅದಕ್ಕೆ ಮುಂಚೆ ಮುಡಿಯನ್ನು ಕಟ್ಟಿದವನ ಮನೆಯಲ್ಲಿ ಆಟಿಯ ತಿಂಗಳಲ್ಲಿ ಅಕ್ಕಿಯಿಲ್ಲದಿರುವುದೂ ಉಂಟಾಗಿತ್ತು. ಉತ್ತವನಿಗೆ ಹೊಲವಿಲ್ಲ, ಕುಟ್ಟಿದವಳಿಗೆ ಪಡಿಯಕ್ಕಿ ಮಾತ್ರ. ಪುತ್ತೂರಿನಲ್ಲಿ ಬಹುಕಾಲ ನೆಲಸಿದ್ದ ಶಿವರಾಮ ಕಾರಂತರು ೧೯೩೩ರ 'ಚೋಮನ ದುಡಿ'ಯಲ್ಲಿ, ಬೇಸಾಯ ಮಾಡಬೇಕೆಂಬ ಒಂದೇ ಆಸೆಯನ್ನು ಹೊತ್ತು ಅದು ಕೈಗೂಡದೆ ಸತ್ತ ಮನುಷ್ಯನನ್ನು ಲೋಕದ ಮುಂದೆ ನಿಲ್ಲಿಸಿದರು. ಮುಡಿಯನ್ನು ಅಂದದ ವಸ್ತುವೆಂದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು, ಅದನ್ನು ಹೊತ್ತ ಬೆನ್ನನ್ನು ಮರೆತರೆ ಅದು ಚರಿತ್ರೆಯಾಗದು.

ಘಟ್ಟದ ಮೇಲಿನ ಮಠಗಳಿಗೂ ನಮ್ಮ ಸೀಮೆಗೂ ಸಂಬಂಧ ಕಲ್ಪಿಸಿದ ಒಂದು ದೊಡ್ಡ ಘಟನೆಯಲ್ಲಿಯೂ ಈ ಧಾನ್ಯವೇ ಸಿಕ್ಕುವುದು. ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳು ವೀರಶೈವ ಮತದ ಹಾಲೇರಿ ಅರಸರ ಕೊಡಗಿಗೆ ಸೇರಿದ್ದುವು. ೧೮೩೪ರಲ್ಲಿ ಕುಂಪಣಿಯವರು ಕೊಡಗನ್ನು ವಶಪಡಿಸಿಕೊಂಡು, ಈ ಸೀಮೆಗಳನ್ನು ಬೇರ್ಪಡಿಸಿ ಕೆನರಾ ಜಿಲ್ಲೆಗೆ ಕೂಡಿಸಿದರು. ಅರಸರ ಕಾಲದಲ್ಲಿ ರೈತನು ಕಂದಾಯವನ್ನು ಧಾನ್ಯವಾಗಿ ಅಳೆಯಬಹುದಾಗಿತ್ತು. ಕುಂಪಣಿಯವರಿಗೆ ನಾಣ್ಯವೇ ಬೇಕಾಯಿತು. ಬೆಳೆದ ಭತ್ತವನ್ನು ಸಿಕ್ಕಿದ ಬೆಲೆಗೆ ಮಾರಿ ಹಣ ಕಟ್ಟಬೇಕಾಗಿ ಬಂದುದು, ೧೮೩೭ರ ದಂಗೆಯ ಕಾರಣಗಳಲ್ಲಿ ಒಂದೆಂದು ಇತಿಹಾಸಕಾರರು ಎಣಿಸಿರುವರು. ಕೆದಂಬಾಡಿ ರಾಮಯ್ಯಗೌಡರೇ ಮೊದಲಾದವರು ಸುಳ್ಯದ ಕಡೆ ಜನವನ್ನು ಕೂಡಿಸಿದರು. ನಾಯಕನಾಗಿ ನಿಂತ ಪುಟ್ಟಬಸಪ್ಪನು ಧರಿಸಿದುದು ಕಲ್ಯಾಣಸ್ವಾಮಿ ಎಂಬ ಜಂಗಮನ ಹೆಸರನ್ನು. ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಏಪ್ರಿಲ್ ತಿಂಗಳಲ್ಲಿ ಮಂಗಳೂರನ್ನು ಮುಟ್ಟಿ, ಕೆಲವು ದಿನ ಅದನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡಿದ್ದ ಆ ರೈತರ ದಂಡು ಕೊನೆಗೆ ಸೋತಿತು, ನಾಯಕರು ಗಲ್ಲಿಗೇರಿದರು. ಬಾವುಟದ ಕಥೆಯನ್ನು ನಮ್ಮ ಮಕ್ಕಳು ಓದುತ್ತಿರುವರು. ಅದರ ಹಿಂದಿದ್ದ ಕಳಸೆ ಸೇರುಗಳ ಕಥೆಯನ್ನು ಅವರಿಗೆ ತೋರಿಸುವ ಸ್ಥಳವು ಬೇಕಾಗಿದೆ.

ಈಗಿನ ಸ್ಥಿತಿ ಹೇಗಿದೆ? ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳಿಗೆ ಮೂರು ಹೆಸರು. ಏಣೆಲು, ಸುಗ್ಗಿ, ಕೊಳಕೆ ಎಂದು ಬೆಳೆಗಳಿಗೆ ಮೂರು ಹೆಸರು. ಹೆಸರುಗಳು ಉಳಿದಿವೆ, ಗದ್ದೆಗಳಲ್ಲಿ ಬಹುಪಾಲು ಅಡಿಕೆಯ ತೋಟಗಳಾಗಿವೆ. ಅಡಿಕೆಯು ರೈತನ ಕೈಗೆ ಹಣವನ್ನು ಕೊಟ್ಟಿತು, ಮಕ್ಕಳನ್ನು ಓದಿಸಿತು, ಅದನ್ನು ಹಳಿಯಲಾಗದು. ಯಂತ್ರದ ಗಿರಣಿಯನ್ನೂ ಹಳಿಯಲಾಗದು. ಬೆಳಗಿನ ಜಾವಕ್ಕೆ ಎದ್ದು ಎದುರುಬದುರಾಗಿ ಕುಳಿತು ಬೀಸುತ್ತಿದ್ದ, ಬಸುರಿಯಾಗಿದ್ದಾಗಲೂ ಒನಕೆ ಹಿಡಿಯುತ್ತಿದ್ದ ತಾಯಂದಿರ ಭುಜದ ನೋವನ್ನು ಇಳಿಸಿದುದು ಆ ಗಿರಣಿ. ಹಳೆಯ ದುಡಿಮೆಯನ್ನು ಹಿಂದಕ್ಕೆ ತನ್ನಿರೆಂದು ಹೇಳುವ ಗಂಡಸು ಮೊದಲು ತಾನೇ ಒಂದು ಸೇರು ಬೀಸಿ ನೋಡಬೇಕು. ನಾನು ಕೇಳುವುದು ದುಡಿಮೆಯನ್ನಲ್ಲ, ಅದರ ಸ್ಮರಣೆಯನ್ನು. ಕಲ್ಲುಗಳು ಇಂದು ತೋಟದ ಬದಿಯಲ್ಲಿ, ಬಚ್ಚಲ ಬಳಿಯಲ್ಲಿ, ದನ ನೀರು ಕುಡಿಯುವ ಬಾನಿಯಾಗಿ ಬಿದ್ದಿವೆ. ಪತ್ತಾಯವು ಹಲಗೆಯಾಗಿ ಒಡೆದಿದೆ. ೧೯೩೧ರಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಎಂಬ ಸಂಗ್ರಹವನ್ನು ಹೊರತಂದು, ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳನ್ನು ಕನ್ನಡಿಗರಿಗೆ ಉಳಿಸಿಕೊಟ್ಟರು. ನಮ್ಮ ಸೀಮೆಯಲ್ಲಿ ನೇಜಿ ನೆಡುವ ಹೆಂಗಸರ ಓಬೇಲೆಯೂ ಅಂತಹುದೇ. ಹಾಡಿಗೆ ಬಂದ ಆ ಭಾಗ್ಯ ಕಲ್ಲಿಗೂ ಬರಬೇಡವೆ?

ಬೇರೆಯವರು ಏನು ಮಾಡಿದ್ದಾರೆಂಬುದನ್ನು ನೋಡಿದರೆ ನಮಗೆ ದಾರಿ ಕಾಣುವುದು. ಜರ್ಮನಿಯ ಉಲ್ಮ್ ನಗರದಲ್ಲಿ ವಿಲಿ ಐಸೆಲೆನ್ ಎಂಬ ವರ್ತಕನು ತನ್ನ ಮಗನೊಡನೆ ೧೯೫೫ರಲ್ಲಿ ರೊಟ್ಟಿಯ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದನು. ೧೫೯೨ರಲ್ಲಿ ಕಟ್ಟಿದ ಉಪ್ಪಿನ ಉಗ್ರಾಣದಲ್ಲಿ ಅದು ಈಗ ನೆಲಸಿದೆ. ಬಿತ್ತುವುದು, ಬೀಸುವುದು, ಸುಡುವುದು ಮೂರೂ ಅಲ್ಲಿ ಕಾಣುವುವು. ಹಸಿವೆಯ ಚರಿತ್ರೆಯೂ ಕಾಣುವುದು. ಸ್ವಾರಸ್ಯವೇನೆಂದರೆ, ರೊಟ್ಟಿಯ ಆ ಮನೆಯಲ್ಲಿ ರೊಟ್ಟಿಯನ್ನು ಮಾತ್ರ ಸಂಗ್ರಹಿಸಿಡಲಿಲ್ಲ. ರೊಟ್ಟಿಯು ದಿನದಿನವೂ ಹೊಸತಾಗಿ ಮಾಡಿ ಉಣ್ಣತಕ್ಕ ಆಹಾರ, ಕಾದಿಡತಕ್ಕ ವಸ್ತುವಲ್ಲ ಎಂಬುದು ಸ್ಥಾಪಕರ ನಿಲುವು. ನಮ್ಮ ಶರಣರಿಗೆ ಇದು ಅಪರಿಚಿತವಾದ ಮಾತಲ್ಲ. ನಾಳೆಗೆಂದು ಕೂಡಿಡದೆ ಇಂದೇ ಹಂಚುವುದು ದಾಸೋಹದ ಧರ್ಮವಷ್ಟೆ.

ದೂರದ ಮಾತೇಕೆ? ಮಂಡ್ಯ ಜಿಲ್ಲೆಯ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಎಂಬ ರೈತರು ನೂರಾರು ಬಗೆಯ ಭತ್ತದ ತಳಿಗಳನ್ನು ಕಾಪಾಡಿ, ಅವುಗಳಿಗೆ ಒಂದು ಸಂಗ್ರಹಾಲಯವನ್ನೇ ಮಾಡಿರುವರು. ನಮ್ಮ ಗಡಿಯಾಚೆ ಕಾಸರಗೋಡು ಜಿಲ್ಲೆಯ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರು ೬೫೦ಕ್ಕೂ ಮಿಕ್ಕ ಭತ್ತದ ತಳಿಗಳನ್ನು ಉಳಿಸಿದುದಕ್ಕಾಗಿ ೨೦೨೪ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ವಿಸ್ತಾರವಾದ ಗದ್ದೆಯಿಲ್ಲದೆಯೂ ಚೀಲಗಳಲ್ಲಿ ಮಣ್ಣು ತುಂಬಿ ತಳಿಗೆ ಕೆಲವು ಬುಡಗಳಂತೆ ಬೆಳೆಯುವ ಅವರ ಕ್ರಮವು ಎಲ್ಲರಿಗೂ ಸಾಧ್ಯವಾದುದು. ಇವರಿಬ್ಬರ ಕೆಲಸದಲ್ಲಿ ಒಂದು ತತ್ತ್ವ ಅಡಗಿದೆ. ಬೀಜವನ್ನು ಸೀಸೆಯಲ್ಲಿ ಇಟ್ಟು ಚೀಟಿ ಅಂಟಿಸಿದರೆ ಅದು ಉಳಿಯುವುದಿಲ್ಲ. ನಮ್ಮ ತೇವದ ಹವೆಯಲ್ಲಿ ಒಂದೆರಡು ವರ್ಷಗಳಲ್ಲಿ ಅದರ ಮೊಳಕೆಯ ಶಕ್ತಿ ಕುಂದುವುದು. ಮಣ್ಣಿಗೆ ಹಾಕಿ ಮತ್ತೆ ಕೊಯ್ದರೆ ಮಾತ್ರ ಉಳಿಯುವುದು. ಉಳಿಸಿಕೊಳ್ಳಬೇಕಾದರೆ ಬಿತ್ತಬೇಕು. ಕಲ್ಲಿನ ವಿದ್ಯೆಗೂ ಇದೇ ನಿಯಮ.

ನೆರೆಯ ಧರ್ಮಸ್ಥಳದಲ್ಲಿ ಮಂಜೂಷಾ ಎಂಬ ದೊಡ್ಡ ವಸ್ತುಸಂಗ್ರಹಾಲಯವುಂಟು. ಬಂಟ್ವಾಳದ ಬಿ. ಸಿ. ರೋಡಿನಲ್ಲಿ ಪ್ರೊಫೆಸರ್ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ತುಳುನಾಡಿನ ಮನೆವಾರ್ತೆಯ ಹಳೆಯ ವಸ್ತುಗಳುಂಟು. ಇವುಗಳ ಪಕ್ಕದಲ್ಲಿ, ಧಾನ್ಯವೊಂದನ್ನೇ ಕುರಿತಾದ ಒಂದು ಮನೆಯು ನಮ್ಮ ಮೂರು ತಾಲ್ಲೂಕುಗಳ ನಡುವೆ ಏಳಬೇಕೆಂಬುದು ನನ್ನ ಪ್ರಾರ್ಥನೆ. ಅದು ಹೀಗಿರಲಿ: ಬಾಗಿಲಲ್ಲಿ ಒಂದು ಸಣ್ಣ ಗದ್ದೆ, ಅದರಲ್ಲಿ ಕಯಮೆ, ಅತಿಕಾರ, ಗಂಧಸಾಲೆಗಳಂತಹ ಹಳೆಯ ತಳಿಗಳು. ಅಂಗಳದಲ್ಲಿ ಪಡಿಮಂಚ, ಜಗಲಿಯಲ್ಲಿ ಪತ್ತಾಯ, ಪಾವು ಸೇರು ಕಳಸೆಗಳು, ಮುಡಿ ಕಟ್ಟಬಲ್ಲ ಒಬ್ಬ ಹಿರಿಯ. ಒಳಗೆ ಮೂರು ಕಲ್ಲುಗಳು, ಅವುಗಳನ್ನು ನಡೆಸಿ ತೋರಿಸುವ ಕೈಗಳು. ತೆನೆ ಕಟ್ಟುವ ಹಬ್ಬ, ಹೊಸ ಅಕ್ಕಿಯ ಊಟ, ಕೆಡ್ಡಸದಲ್ಲಿ ಅಕ್ಕಿಯನ್ನು ಹುರಿದು ಬೆಲ್ಲ ಸೇರಿಸಿ ಕುಟ್ಟುವ ನನ್ನೇರಿ, ಇವು ಅಲ್ಲಿ ಚಿತ್ರಗಳಾಗಿರದೆ ಆಯಾ ದಿನದಲ್ಲಿ ನಡೆಯಲಿ. ಕಟ್ಟಕಡೆಗೆ ಒಂದು ಅಡಿಗೆಮನೆ. ಒಳಹೊಕ್ಕವನು ಉಂಡಲ್ಲದೆ ಹೊರಬರಬಾರದು.

ಇದಕ್ಕೆ ಮೊದಲು ಬೇಕಾದುದು ಕಟ್ಟಡವಲ್ಲ, ಹಣವೂ ಅಲ್ಲ. ಮೊದಲು ಬೇಕಾದುದು ಒಂದು ಪುಸ್ತಕ, ಒಂದು ಲೇಖನಿ, ಕೇಳುವ ಕಿವಿ. ಕಲ್ಲು ಇನ್ನೂ ನೂರು ವರ್ಷ ಕಾದೀತು; ಅದನ್ನು ತಿರುವಿದ ತಾಯಂದಿರು ಎಂಬತ್ತು ದಾಟಿರುವರು, ಅವರು ಕಾಯಲಾರರು. ಈ ಕಲ್ಲು ಯಾವ ಮನೆಯದು, ಯಾರು ಬೀಸಿದರು, ಯಾವ ಕಾಳಿಗೆ ಎಷ್ಟು ಹದ, ಯಾವ ಹಾಡು, ಕೂಲಿಯಾಗಿ ಏನು ಸಿಕ್ಕಿತು, ಎಂಬಿವನ್ನು ಅವರ ಬಾಯಿಂದಲೇ ಬರೆದುಕೊಳ್ಳದಿದ್ದರೆ, ನಾಳೆ ನಾವು ಕಟ್ಟುವ ಮನೆಯಲ್ಲಿ ಮೂಕ ಕಲ್ಲುಗಳು ಮಾತ್ರ ಕುಳಿತಿರುವುವು. ಈ ಮಠದ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರಿಗೆ ಹೋದಾಗ, ತಮ್ಮ ಅಜ್ಜಿಯ ಮುಂದೆ ಒಂದು ಮಧ್ಯಾಹ್ನ ಕುಳಿತು ಇಷ್ಟನ್ನು ಬರೆದು ತರಲಿ. ಘಟ್ಟದ ಮೇಲಿನ ಜೋಳದ ಕಲ್ಲಿನ ಕಥೆ, ರಾಗಿಯ ಕಲ್ಲಿನ ಕಥೆಯೂ ಬರಲಿ. ಕೆಳಗಿನ ಅಕ್ಕಿಯ ಕಲ್ಲಿನ ಪಕ್ಕದಲ್ಲಿ ಅವುಗಳಿಗೂ ಎಡೆಯುಂಟು. ಕೊಟ್ಟಣದ ಸೋಮಮ್ಮನ ಹೆಸರನ್ನು ಎಂಟುನೂರು ವರ್ಷ ಕಾದವರು ನಮ್ಮ ಹಿರಿಯರು. ನಮ್ಮ ಮನೆಯ ಸೋಮಮ್ಮಂದಿರ ಹೆಸರನ್ನು ಒಂದು ತಲೆಮಾರಿನ ಮಟ್ಟಿಗಾದರೂ ಕಾಯುವುದು ನಮ್ಮ ಕರ್ತವ್ಯ.